ಲುವಾಂಡಾದ ಮೂಲೆ ಅಂಗಡಿಗಳು ಮಾಲಿ, ಗಿನಿಯವರ ಕೈಗೆ ಬಂದಿದ್ದು ಹೇಗೆ?

ಕಡಲಂಚು ಬರೆದದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಯಜಮಾನರ ಕೆಲಸದಿಂದಾಗಿ 2012ರಿಂದ 2016ರ ತನಕ ಅಂಗೋಲಾದ ಲುವಾಂಡಾದಲ್ಲಿದ್ದೆ. ಅಲ್ಲಿಂದ ಬಂದು ಇಷ್ಟು ವರ್ಷವಾದರೂ ಒಂದು ವಿಷಯ ತಲೆಯಿಂದ ಹೋಗಿಲ್ಲ. ತಿಳಿದವರು ಹೇಳಿ.

ನಮ್ಮ ಬೀದಿ ಮೂಲೆಯಲ್ಲಿ ಒಂದು ಪುಟ್ಟ ಅಂಗಡಿ ಇತ್ತು. ಅಲ್ಲಿ ಇಂಥವನ್ನು ಕಾಂಟಿನಾ ಅಂತಾರೆ. ಒಬ್ಬರ ಮನೆಯ ಮುಂದಿನ ಕೋಣೆ, ಕಬ್ಬಿಣದ ಸರಳು, ಸರಳಿನ ಹಿಂದೆ ಅಕ್ಕಿ, ಎಣ್ಣೆ, ಸೋಪು, ಹಾಲಿನ ಪುಡಿ, ಮೊಟ್ಟೆ, ಫೋನ್ ರೀಚಾರ್ಜ್. ಬೆಳಿಗ್ಗೆ ಆರಕ್ಕೆ ತೆರೆದರೆ ರಾತ್ರಿ ಹತ್ತಾದರೂ ಮುಚ್ಚುತ್ತಿರಲಿಲ್ಲ. ಕೂತಿದ್ದ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬಹುದು. ಪಶ್ಚಿಮ ಆಫ್ರಿಕಾದ ಗಿನಿ ದೇಶದ ಲಾಬೆ ಅನ್ನೋ ಊರಿನವನು. ಪಕ್ಕದ ಬೀದಿಯ ಅಂಗಡಿ ಮಾಲಿ ದೇಶದವನದು, ಅದರಾಚೆಯದು ಗ್ಯಾಂಬಿಯಾದವನದು. ಎಲ್ಲರೂ ಮುಸ್ಲಿಮರು, ಅದೂ ಬಹುಪಾಲು ಕ್ರೈಸ್ತರೇ ಇರುವ ದೇಶದಲ್ಲಿ. ಸ್ಥಳೀಯರು ಅವರ ಹೆಸರೇ ಕೇಳುತ್ತಿರಲಿಲ್ಲ, ಎಲ್ಲರನ್ನೂ "ಮಾಮಾಡು" ಅಂತಲೇ ಕರೆಯುತ್ತಿದ್ದರು. ಅದು ಮುಹಮ್ಮದ್ ಅನ್ನೋ ಹೆಸರಿನ ಪಶ್ಚಿಮ ಆಫ್ರಿಕಾದ ರೂಪ ಅಂತ ಆಮೇಲೆ ಗೊತ್ತಾಯಿತು.

ಗಿನಿಯ ರಾಜಧಾನಿ ಕೊನಾಕ್ರಿಯಿಂದ ಲುವಾಂಡಾ ನೇರ ದಾರಿಯಲ್ಲೇ 3,000 ಕಿಲೋಮೀಟರಿಗೂ ಜಾಸ್ತಿ. ಅವರ ದೇಶಗಳಲ್ಲಿ ಫ್ರೆಂಚು ಇಲ್ಲವೇ ಇಂಗ್ಲಿಷು, ಇಲ್ಲಿ ಪೋರ್ಚುಗೀಸು. ಯಾವ ಬ್ಯಾಂಕೂ ಸಾಲ ಕೊಡಲ್ಲ. ಆಗ ಲುವಾಂಡಾ ಎಂಥ ದುಬಾರಿ ಊರು ಅಂದರೆ, ವಿದೇಶಿ ನೌಕರರಿಗೆ ಜಗತ್ತಿನಲ್ಲೇ ಅತಿ ದುಬಾರಿ ನಗರ ಅಂತ ಮರ್ಸರ್ ಅನ್ನೋ ಸಲಹಾ ಸಂಸ್ಥೆಯ ಪಟ್ಟಿಯಲ್ಲಿ 2013ರಿಂದ 2015ರ ತನಕ ಸತತ ಮೂರು ವರ್ಷ ಮೊದಲ ಸ್ಥಾನದಲ್ಲಿತ್ತು. ಅಂಥ ಊರಲ್ಲಿ ಬರಿಗೈಯಲ್ಲಿ ಬಂದ ಹುಡುಗ ಅಂಗಡಿ ಇಡೋದು ಹೇಗೆ? ಬಂಡವಾಳ ಯಾರದ್ದು? ಒಂದೇ ಧರ್ಮ ಅನ್ನೋದೇ ಅವರನ್ನು ಹಿಡಿದಿಟ್ಟಿದೆಯಾ? ಸ್ಥಳೀಯರು ಯಾಕೆ ಈ ವ್ಯಾಪಾರ ಮಾಡಲ್ಲ?

ಕೊನೆಗೆ ಒಂದು ಮಾತು. 2016ರ ಶುರುವಿನಲ್ಲಿ ಒಂದು ಬೆಳಿಗ್ಗೆ ಹೋದರೆ ಅವನಿರಲಿಲ್ಲ. ಬೇರೆ ಹುಡುಗ ಕೂತಿದ್ದ. "ಅಣ್ಣ ಹೋದ" ಅಂದ, ಅಷ್ಟೇ. ನಾನು ಆ ಹಳೆಯ ಹುಡುಗನಿಗೆ 1,200 ಕ್ವಾಂಜಾ (ಅಲ್ಲಿನ ಹಣ) ಬಾಕಿ ಇದ್ದೆ. ಕೊಡೋಕಾಗಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಗೋದಾಮು ಲೆಕ್ಕ ಬರೆದದ್ದು:

ಅಕ್ಕ, ನಾನು 2009ರಿಂದ 2015ರ ತನಕ ಲುವಾಂಡಾದ ಹೋಜಿ ಯಾ ಹೆಂಡಾ ಬಡಾವಣೆಯಲ್ಲಿ ಒಬ್ಬ ಆಮದುದಾರರ ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ನಮ್ಮ ಗಿರಾಕಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಕಾಂಟಿನಾದವರೇ. ಹಾಗಾಗಿ ಹತ್ತಿರದಿಂದ ನೋಡಿದ್ದನ್ನು ಹೇಳುತ್ತೇನೆ.

ಬಂಡವಾಳ ಯಾರದ್ದು ಅಂತ ಕೇಳಿದಿರಿ. ಬಂಡವಾಳ ಅಂತ ಬೇರೆ ಏನೂ ಇರಲ್ಲ. ಅವನ ಪರವಾಗಿ ಒಬ್ಬ ನಿಲ್ಲುತ್ತಾನೆ, ಅದೇ ಬಂಡವಾಳ. ಹೊಸಬ ಬಂದ ಕೂಡಲೇ ಮಾವನದೋ ಅಣ್ಣನದೋ ಅಂಗಡಿಯಲ್ಲಿ ಕೂರುತ್ತಾನೆ. ಎರಡು ಮೂರು ವರ್ಷ ಸಂಬಳ ಇಲ್ಲ. ಊಟ, ಅಂಗಡಿಯೊಳಗೇ ಮಲಗೋಕೆ ಜಾಗ, ಅಷ್ಟೇ. ಅಷ್ಟರಲ್ಲಿ ಪೋರ್ಚುಗೀಸು ಬಾಯಿಗೆ ಬರುತ್ತದೆ, ಯಾವ ಮಾಲು ಓಡುತ್ತದೆ, ಯಾರಿಗೆ ಸಾಲ ಕೊಡಬಹುದು, ಯಾವ ಪೊಲೀಸು ಯಾವ ದಿನ ಬರುತ್ತಾನೆ, ಎಲ್ಲ ಗೊತ್ತಾಗುತ್ತದೆ. ಆಮೇಲೆ ಆ ಹಿರಿಯ ಇವನನ್ನು ಕರೆದುಕೊಂಡು ನಮ್ಮಂಥ ಗೋದಾಮಿಗೆ ಬಂದು "ಇವನು ನನ್ನವನು" ಅನ್ನುತ್ತಾನೆ. ಅವತ್ತಿನಿಂದ ಅವನಿಗೆ ಮಾಲು ಸಾಲಕ್ಕೆ ಸಿಗುತ್ತದೆ.

ನಮ್ಮಲ್ಲಿ ಸೋಮವಾರ ಮೂಟೆ ಹೋದರೆ ಮುಂದಿನ ವಾರದೊಳಗೆ ದುಡ್ಡು ಬರಬೇಕು. ಕಾಗದ ಪತ್ರ ಏನೂ ಇಲ್ಲ. ನಮ್ಮ ಯಜಮಾನರು ಕೇಳುತ್ತಿದ್ದ ಪ್ರಶ್ನೆ ಒಂದೇ, "ಇವನನ್ನು ತಂದವನು ಯಾರು?" ಹುಡುಗ ಓಡಿಹೋದರೆ ತಂದವನು ತುಂಬಿಕೊಡಬೇಕು. ಸುದ್ದಿ ಮಾಲಿಯ ಕಾಯೆ ಕಡೆಯ ಹಳ್ಳಿಗೋ ಲಾಬೆಗೋ ಎರಡೇ ದಿನದಲ್ಲಿ ಮುಟ್ಟುತ್ತದೆ. ಅಲ್ಲಿ ಅವನ ಅಪ್ಪ ಮಸೀದಿ ಮುಂದೆ ತಲೆ ಎತ್ತಿ ಓಡಾಡೋಕೆ ಆಗಲ್ಲ. ಆರು ವರ್ಷದಲ್ಲಿ ನಾನು ಪೂರ್ತಿ ಮುಳುಗಿದ ಸಾಲ ನೋಡಿದ್ದು ಕೈಬೆರಳಲ್ಲಿ ಎಣಿಸುವಷ್ಟು. ಬಡ್ಡಿ ಅಂತ ಹಾಕುತ್ತಿರಲಿಲ್ಲ, ಅವರ ಧರ್ಮದಲ್ಲಿ ಬಡ್ಡಿ ನಿಷಿದ್ಧ. ಆದರೆ ನಗದಿನ ಬೆಲೆ ಬೇರೆ, ಉದ್ದರಿ ಬೆಲೆ ಬೇರೆ ಇರುತ್ತಿತ್ತು.

ಇನ್ನು ಊರಿಗೆ ದುಡ್ಡು ಕಳಿಸೋದು. ಹುಡುಗ ಇಲ್ಲಿ ಒಬ್ಬ ದೊಡ್ಡ ವ್ಯಾಪಾರಿಯ ಕೈಗೆ ಕ್ವಾಂಜಾ ಕೊಡುತ್ತಾನೆ. ಒಂದು ಫೋನ್ ಹೋಗುತ್ತದೆ. ಮಾಲಿಯ ರಾಜಧಾನಿ ಬಮಾಕೊದಲ್ಲಿ ಆ ವ್ಯಾಪಾರಿಯ ಕಡೆಯವನು ಹುಡುಗನ ಮನೆಗೆ ಅಲ್ಲಿನ ಸಿಎಫ್‌ಎ ಫ್ರಾಂಕ್ ಕೊಟ್ಟುಬಿಡುತ್ತಾನೆ. ದುಡ್ಡು ಗಡಿ ದಾಟುವುದೇ ಇಲ್ಲ. ಇಲ್ಲಿ ಉಳಿದ ಕ್ವಾಂಜಾವನ್ನು ಆ ವ್ಯಾಪಾರಿ ಡಾಲರ್ ಮಾಡಿ ದುಬೈಗೋ ಚೀನಾದ ಗ್ವಾಂಗ್‌ಜೌಗೋ ಕಳಿಸಿ ಕಂಟೇನರ್ ತರಿಸುತ್ತಾನೆ. ಮಾಲು ಬಂತು ಅಂದರೆ ಲೆಕ್ಕ ಸರಿಹೋಯಿತು. ಮಾರ್ಟಿರೆಸ್ ಬಡಾವಣೆಯಲ್ಲಿ ಡಾಲರ್ ಬದಲಾಯಿಸುವ ಕಿಂಗಿಲಾ ಹೆಂಗಸರು ಕೂತಿರುತ್ತಿದ್ದರಲ್ಲ, ನೀವೂ ನೋಡಿರುತ್ತೀರಿ, ಅವರಿಲ್ಲದೆ ಈ ಚಕ್ರ ಒಂದು ದಿನವೂ ತಿರುಗುತ್ತಿರಲಿಲ್ಲ.

ಅದಕ್ಕೇ 2014ರ ನಂತರ ಎಲ್ಲ ಕುಸಿದಿದ್ದು. ಆಗ ಅಂಗೋಲಾದ ರಫ್ತಿನಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗಿಂತ ಜಾಸ್ತಿ ಬರೀ ತೈಲ. 2014ರ ಮಧ್ಯದಲ್ಲಿ ಬ್ಯಾರೆಲ್ಲಿಗೆ 110 ಡಾಲರ್ ಇದ್ದದ್ದು 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ ಹೋಯಿತು. ಬ್ಯಾಂಕುಗಳಲ್ಲಿ ಡಾಲರೇ ಇಲ್ಲ. ಅಧಿಕೃತವಾಗಿ ಒಂದು ಡಾಲರಿಗೆ 160 ಕ್ವಾಂಜಾ ಆಸುಪಾಸು ಅಂತ ಬೋರ್ಡಿದ್ದರೆ ಆ ವರ್ಷ ಬೀದಿಯಲ್ಲಿ 400 ದಾಟಿತು. ಗಲ್ಲಾ ತುಂಬ ಕ್ವಾಂಜಾ ಇದೆ, ಆದರೆ ಅದನ್ನು ಊರಿಗೂ ಕಳಿಸೋಕಾಗಲ್ಲ, ಅದರಲ್ಲಿ ಮಾಲೂ ತರಿಸೋಕಾಗಲ್ಲ. ಒಂದು ವರ್ಷ ಕೂತು ದುಡಿದ ಹುಡುಗನ ಉಳಿತಾಯ ಕೂತಲ್ಲೇ ಕಾಲು ಭಾಗ ಆಯಿತು. ನಿಮ್ಮ ಹುಡುಗ ಹೋಗಿದ್ದೂ ಅದೇ ಸಮಯ ಅಲ್ವಾ? ಎಷ್ಟೋ ಜನ ಆಗ ಹೋದರು.

ಹಳೇಪುಟ ಬರೆದದ್ದು:

ಗೋದಾಮಿನ ಅಣ್ಣ ಹೇಳಿದ್ದು ಓದಿ ಖುಷಿಯಾಯಿತು. ನಾನು ಲುವಾಂಡಾ ನೋಡಿಲ್ಲ, ಪಶ್ಚಿಮ ಆಫ್ರಿಕಾದ ಚರಿತ್ರೆ ಓದಿದವನು. "ಇವನು ನನ್ನವನು" ಅನ್ನುವ ಮಾತಿಗೆ ನೂರಾರು ವರ್ಷದ ಹಿನ್ನೆಲೆ ಇದೆ.

ಮಾಲಿ ಕಡೆಯ ಮಾಂಡೆ ಭಾಷೆಗಳಲ್ಲಿ ದ್ಯಾತಿಗಿ ಅನ್ನೋ ಪದ ಇದೆ, ಉತ್ತರ ನೈಜೀರಿಯಾ ಕಡೆಯ ಹೌಸಾ ಭಾಷೆಯಲ್ಲಿ ಮೈಗಿಡಾ, ಅಂದರೆ ಮನೆಯ ಯಜಮಾನ. ದೂರದಿಂದ ಕೋಲಾ ಕಾಯಿ, ಉಪ್ಪು, ಚಿನ್ನ, ದನ ತಂದ ವ್ಯಾಪಾರಿಗೆ ಪರಊರಲ್ಲಿ ಮನೆ ಕೊಡುವವನು. ಬರೀ ಮನೆಯಲ್ಲ, ಮಾಲು ಮಾರಿಸಿಕೊಡುತ್ತಾನೆ, ಸಾಲಕ್ಕೆ ಜಾಮೀನು ನಿಲ್ಲುತ್ತಾನೆ, ಜಗಳ ಬಿಡಿಸುತ್ತಾನೆ. ನೈಜೀರಿಯಾದ ಇಬಾದಾನ್ ಯೊರುಬಾ ಜನರ ಊರು. ಅಲ್ಲಿ ಸಾಬೊ ಅಂತ ಹೌಸಾ ಬಡಾವಣೆ ಇದೆ. ಉತ್ತರದಿಂದ ದನ ಬರುವುದು, ದಕ್ಷಿಣದಿಂದ ಕೋಲಾ ಹೋಗುವುದು, ಎಲ್ಲ ಈ ಮೈಗಿಡಾಗಳ ಮನೆ ಮೂಲಕ. 1950ರ ದಶಕದಲ್ಲಿ ರಾಜಕೀಯ ಬದಲಾಗಿ ಸಾಬೊಗೆ ಇದ್ದ ಪ್ರತ್ಯೇಕ ಸ್ಥಾನ ಅಲುಗಾಡಿತು. ಆಗ ಅಲ್ಲಿನ ಬಹುಪಾಲು ಜನ ತಿಜಾನಿಯಾ ಸೂಫಿ ಪಂಥಕ್ಕೆ ಸೇರಿದರು. ಸುತ್ತಲಿನ ಯೊರುಬಾಗಳಲ್ಲೂ ಮುಸ್ಲಿಮರು ಬೇಕಾದಷ್ಟು ಇದ್ದರು, ಆದರೂ ತಿಜಾನಿಯಾದ ದಿನನಿತ್ಯದ ಸಾಮೂಹಿಕ ಪ್ರಾರ್ಥನೆ ಇವರನ್ನು ಬೇರೆಯಾಗಿಯೂ ಒಟ್ಟಾಗಿಯೂ ಉಳಿಸಿತು. ನನಗೆ ಈ ಉದಾಹರಣೆ ತುಂಬ ಮುಖ್ಯ. ಧರ್ಮ ಮೊದಲು, ವ್ಯಾಪಾರ ಆಮೇಲೆ ಅಂತ ಸರಳವಾಗಿ ಹೇಳೋಕಾಗಲ್ಲ. ಹೊರಗಿನ ಆಸರೆ ಕಳೆದಾಗ ಒಳಗಿನ ಹುರಿ ಬಿಗಿಯಾಗುತ್ತದೆ.

ಅಂಗೋಲಾವೇ ಯಾಕೆ? ಮೊದಲು ಬಂದವರಲ್ಲಿ ಮಾಲಿ ಕಡೆಯ ಸೊನಿಂಕೆ ಜನಾಂಗದ ವಜ್ರದ ವ್ಯಾಪಾರಿಗಳಿದ್ದರು. ಸಿಯೆರಾ ಲಿಯೋನ್, ಆಮೇಲೆ ಆಗಿನ ಜೈರ್ (ಈಗಿನ ಡಿಆರ್ ಕಾಂಗೋ), ಆಮೇಲೆ ಅಂಗೋಲಾದ ಲುಂಡಾ ಪ್ರಾಂತ್ಯಗಳು, ಹೀಗೆ ವಜ್ರ ಸಿಕ್ಕ ಕಡೆ ಅವರ ದಾರಿ ಸಾಗಿತು. ಒಬ್ಬ ನೆಲೆ ನಿಂತರೆ ತಮ್ಮನಿಗೆ, ಸೋದರಳಿಯನಿಗೆ ದಾರಿ ಆಯಿತು.

ಸ್ಥಳೀಯರು ಯಾಕೆ ಮಾಡಲ್ಲ ಅಂತ ಕೇಳಿದಿರಿ. ಅದನ್ನು ನಾನು ಒಪ್ಪಲ್ಲ. ತಲೆ ಮೇಲೆ ಬೇಸಿನ್ ಹೊತ್ತು ಬೀದಿ ಬೀದಿ ಸುತ್ತುವ ಜುಂಗೇರಾ ಹೆಂಗಸರು ಅಂಗೋಲಾದವರೇ ಅಲ್ವಾ? 2010ರಲ್ಲಿ ಮುಚ್ಚುವ ತನಕ ಲುವಾಂಡಾದ ರೋಕೆ ಸಾಂತೆಯ್ರೊ ಆಫ್ರಿಕಾದ ಅತಿ ದೊಡ್ಡ ಬಯಲು ಸಂತೆಗಳಲ್ಲಿ ಒಂದು ಅನಿಸಿಕೊಂಡಿತ್ತು. ಕೊರತೆ ಇದ್ದದ್ದು ಕಟ್ಟಿದ ಅಂಗಡಿಗಳಿಗೆ. ಪೋರ್ಚುಗೀಸರ ಕಾಲದಲ್ಲಿ ಚಿಲ್ಲರೆ ಅಂಗಡಿಗಳು ಹೆಚ್ಚಾಗಿ ಅವರವೇ. 1975ರಲ್ಲಿ ಸ್ವಾತಂತ್ರ್ಯ ಬರುವ ಹೊತ್ತಿಗೆ ಸುಮಾರು 3 ಲಕ್ಷ ಪೋರ್ಚುಗೀಸರು ದೇಶ ಬಿಟ್ಟರು. ಆಮೇಲೆ ಸರ್ಕಾರಿ ಅಂಗಡಿಗಳು, ರೇಷನ್ ಕಾರ್ಡು, ಅದರ ಜೊತೆಗೆ 2002ರ ತನಕ ಅಂತರ್ಯುದ್ಧ. ಯುದ್ಧ ನಿಂತು ತೈಲದ ದುಡ್ಡು ಹರಿದಾಗ ಊರೆಲ್ಲ ಕೊಳ್ಳೋಕೆ ತಯಾರು, ಮನೆ ಹತ್ತಿರ ಮಾರುವ ಅಂಗಡಿ ಇಲ್ಲ. ಆ ಖಾಲಿ ಜಾಗಕ್ಕೆ ಇವರು ಬಂದರು.

ನೇರಮಾತು ಬರೆದದ್ದು:

ಎಲ್ಲ ಓದಿದೆ. ತಪ್ಪು ತಿಳಿಯಬೇಡಿ, ಇದು ಸ್ವಲ್ಪ ಸಿಹಿ ಜಾಸ್ತಿಯಾದ ಚಿತ್ರ. ನಾನು ಕಾಂಗೋದ ಬ್ರಾಜಾವಿಲ್‌ನಲ್ಲಿ ನಾಲ್ಕು ವರ್ಷ ಇದ್ದೆ, ಪೋಟೊ-ಪೋಟೊ ಬಡಾವಣೆಯ ಹತ್ತಿರ. ಅಲ್ಲೂ ಇದೇ ಜನ, ಇದೇ ವ್ಯಾಪಾರ. ನೆಲದ ದಾರಿಯಲ್ಲಿ ಅಂಗೋಲಾಕ್ಕೆ ಹೋಗುವವರು ಎಷ್ಟೋ ಜನ ಅಲ್ಲೇ ತಂಗುತ್ತಿದ್ದರು.

ಮೂರು ವರ್ಷ ಸಂಬಳ ಇಲ್ಲ ಅಂದಿರಿ. ಮೂರನೇ ವರ್ಷದ ಕೊನೆಗೆ ಮಾವ "ಈ ಸಲ ಆಗಲ್ಲ, ಮುಂದಿನ ವರ್ಷ ನೋಡೋಣ" ಅಂದರೆ? ಹುಡುಗ ಯಾವ ಕೋರ್ಟಿಗೆ ಹೋಗಬೇಕು? ಅವನ ವೀಸಾ ಮುಗಿದಿದೆ. ಊರಿಗೆ ಫೋನ್ ಮಾಡಿ ದೂರು ಹೇಳಿದರೆ ಅಮ್ಮ ಸುಮ್ನೆ ಇರು ಅನ್ನುತ್ತಾಳೆ, ಯಾಕೆಂದರೆ ಆ ಮಾವ ಅವಳ ಅಣ್ಣ. ಇಂಥವರ ಜೊತೆ ನಾನು ಕೂತು ಚಹಾ ಕುಡಿದಿದ್ದೇನೆ. ನಂಬಿಕೆ ಅನ್ನುವ ಪದವನ್ನು ಮೇಲಿನವನು ಹೇಳುವುದೂ ಕೆಳಗಿನವನು ಹೇಳುವುದೂ ಒಂದೇ ಅಲ್ಲ.

ಧರ್ಮದ ಬಗ್ಗೆ. ಶುಕ್ರವಾರ ಎಲ್ಲರೂ ಒಂದೇ ಸಾಲಲ್ಲಿ ನಿಲ್ಲುತ್ತಾರೆ. ಆದರೆ ಉದ್ದರಿ ಮಾತ್ರ ಆ ಸಾಲಿನಲ್ಲಿ ಹರಿಯಲ್ಲ. ಗಿನಿ ಕಡೆಯ ಪುಲಾರ್ ಭಾಷೆ ಮಾತಾಡುವವನು ಪುಲಾರ್ ಮಾತಾಡುವವನಿಗೆ ಕೊಡುತ್ತಾನೆ, ಸೊನಿಂಕೆ ಸೊನಿಂಕೆಗೆ, ಅದರಲ್ಲೂ ತನ್ನ ಹಳ್ಳಿ ಕಡೆಯವನಿಗೆ. ಮಸೀದಿ ಕೆಲಸಕ್ಕೆ ಬರುವುದು ಬೇರೆ ಹೊತ್ತಿನಲ್ಲಿ. ಯಾರಾದರೂ ಸತ್ತರೆ ಹೆಣ ಊರಿಗೆ ಕಳಿಸೋಕೆ, ಆಸ್ಪತ್ರೆ ಬಿಲ್ಲಿಗೆ, ಪೊಲೀಸರು ಹಿಡಿದುಕೊಂಡು ಹೋದವನನ್ನು ಬಿಡಿಸೋಕೆ. ಆಗ ಭಾಷೆ ನೋಡದೆ ಎಲ್ಲರೂ ಹಾಕುತ್ತಾರೆ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ, ಆ ವಿಷಯದಲ್ಲಿ ನನಗೆ ತುಂಬ ಗೌರವ ಇದೆ.

ಅಂಗೋಲಾದಲ್ಲಿ ಆ ಮಸೀದಿಗೂ ಗಟ್ಟಿ ನೆಲೆ ಇರಲಿಲ್ಲ. 2004ರ ಕಾನೂನಿನ ಪ್ರಕಾರ ಒಂದು ಧರ್ಮಕ್ಕೆ ಮಾನ್ಯತೆ ಬೇಕಾದರೆ 1 ಲಕ್ಷ ವಯಸ್ಕ ಸದಸ್ಯರಿರಬೇಕಿತ್ತು, ಆಗಿದ್ದ 18 ಪ್ರಾಂತ್ಯಗಳಲ್ಲಿ 12ರಲ್ಲಾದರೂ ಹರಡಿರಬೇಕಿತ್ತು. ಇಸ್ಲಾಂಗೆ ಆ ಮಾನ್ಯತೆ ಸಿಗಲಿಲ್ಲ. 2013ರ ನವೆಂಬರಿನಲ್ಲಿ ಅಂಗೋಲಾ ಇಸ್ಲಾಂ ನಿಷೇಧಿಸಿತು ಅಂತ ಜಗತ್ತಿನ ಪತ್ರಿಕೆಗಳಲ್ಲಿ ಬಂತಲ್ಲ, ಸರ್ಕಾರ ಅದನ್ನು ಅಲ್ಲಗಳೆಯಿತು. ನಿಷೇಧ ಅನ್ನೋದು ಸುಳ್ಳೇ. ಆದರೆ ಪರವಾನಗಿ ಇಲ್ಲ ಅಂತ ಕೆಲವು ಮಸೀದಿಗಳನ್ನು ಮುಚ್ಚಿಸಿದ್ದು, ಕೆಡವಿದ್ದು ನಿಜ.

ಮತ್ತೆ ಹೊರಗೆ ಹಾಕುವುದು. ಘಾನಾ 1969ರಲ್ಲಿ ವಿದೇಶಿಯರನ್ನು ಹೊರದೂಡಿತು, ನೈಜೀರಿಯಾ 1983ರಲ್ಲಿ. ಅಂಗೋಲಾ 2003-04ರಲ್ಲಿ ವಜ್ರದ ಪ್ರದೇಶಗಳಿಂದ ಹೊರಹಾಕಿತು. 2018ರಲ್ಲಿ ಮತ್ತೊಮ್ಮೆ, ಆಗ ಹೋದವರು ಹೆಚ್ಚಾಗಿ ಡಿಆರ್ ಕಾಂಗೋದವರು, ಲಕ್ಷಗಟ್ಟಲೆ. ದೇಶ ಬೆಳೆಯುವಾಗ ಅಗ್ಗದ ಅಕ್ಕಿ ಮಾರಲು ಇವರು ಬೇಕು, ದುಡ್ಡು ಕಮ್ಮಿಯಾದ ಕೂಡಲೇ ಇವರೇ ಕಣ್ಣಿಗೆ ಬೀಳುತ್ತಾರೆ. ಅದಕ್ಕೇ ಇವರು ಅಂಗಡಿಗೆ ಒಳ್ಳೆ ಗೋಡೆ ಕಟ್ಟಿಸಲ್ಲ, ಜಾಗ ಕೊಳ್ಳಲ್ಲ. ಗಳಿಸಿದ್ದೆಲ್ಲ ಊರಿನ ಮನೆಗೆ.

ಗೋದಾಮು ಲೆಕ್ಕ ಬರೆದದ್ದು:

ನೇರಮಾತು ಅವರೇ, ನೀವು ಹೇಳಿದ ಮಾವಂದಿರು ಇದ್ದಾರೆ. ಇಲ್ಲ ಅನ್ನಲ್ಲ. ಒಬ್ಬ ಹುಡುಗ ಐದು ವರ್ಷ ಕಾದದ್ದು ನನಗೇ ಗೊತ್ತು. ಕೊನೆಗೆ ಬೇರೆ ಹಿರಿಯರು ಸೇರಿ ಮಾತಾಡಿ ಅಂಗಡಿ ಮಾಡಿಸಿಕೊಟ್ಟರು. ಆ ಐದು ವರ್ಷ ಮಾತ್ರ ಯಾರೂ ವಾಪಸ್ ಕೊಡಲಿಲ್ಲ.

ಅಕ್ಕ, ನಿಮ್ಮ 1,200 ಕ್ವಾಂಜಾ ಬಗ್ಗೆ ಮೊದಲೇ ಹೇಳಬೇಕಿತ್ತು, ಮರೆತೆ. ಕಾಂಟಿನಾ ಕೈ ಬದಲಾಗುವಾಗ ಬರೀ ಮಾಲು ಎಣಿಸಲ್ಲ. ಉದ್ದರಿ ಪುಸ್ತಕವನ್ನೂ ಎಣಿಸುತ್ತಾರೆ. ಕಪಾಟಿನಲ್ಲಿ ಇಷ್ಟು ಮಾಲು, ಬೀದಿಯಲ್ಲಿ ಇಷ್ಟು ಬಾಕಿ, ಗೋದಾಮಿಗೆ ಕೊಡಬೇಕಾದ್ದು ಇಷ್ಟು. ಇದಕ್ಕೆ ನಾನೇ ಎರಡು ಮೂರು ಸಲ ಸಾಕ್ಷಿ ಕೂತಿದ್ದೇನೆ. ವಸೂಲಾಗುತ್ತದೆ ಅನ್ನುವ ಬಾಕಿಯನ್ನು ಹೊಸಬ ತನ್ನ ಮೇಲೆ ಹಾಕಿಕೊಂಡು ಹಳಬನಿಗೆ ಲೆಕ್ಕ ಕೊಡುತ್ತಾನೆ. ಹಾಗಾಗಿ ಲಾಬೆಯ ಹುಡುಗನಿಗೆ ನಿಮ್ಮ ದುಡ್ಡು ಬಹುಶಃ ಅವತ್ತೇ ಸಿಕ್ಕಿರುತ್ತದೆ. ಆಮೇಲೆ ನೀವು ಬಾಕಿ ಇದ್ದದ್ದು ಹೊಸ ಹುಡುಗನಿಗೆ. ಅವನು ಪುಸ್ತಕ ತೋರಿಸಲಿಲ್ವಾ?

ಕಡಲಂಚು ಬರೆದದ್ದು:

ಅಣ್ಣ, ಇದನ್ನು ಓದಿ ಅರ್ಧ ಗಂಟೆ ಸುಮ್ಮನೆ ಕೂತುಬಿಟ್ಟೆ.

ತೋರಿಸಿದ್ದ. ಹೊಸ ಹುಡುಗ ಬಂದ ಎರಡನೇ ದಿನವೋ ಮೂರನೇ ದಿನವೋ ಸರಳಿನ ಸಂದಿಯಿಂದ ಒಂದು ನೀಲಿ ನೋಟ್‌ಬುಕ್ ಹೊರಗೆ ಚಾಚಿ, ಒಂದು ಸಾಲಿನ ಮೇಲೆ ಬೆರಳಿಟ್ಟು, ನನ್ನ ಕಡೆ ತೋರಿಸಿ ಏನೋ ಹೇಳಿದ. ಅವನಿಗೆ ಇನ್ನೂ ಪೋರ್ಚುಗೀಸು ಬರುತ್ತಿರಲಿಲ್ಲ. ಸಾಲು ಪೂರ್ತಿ ಅರಬ್ಬಿ ಅಕ್ಷರದಲ್ಲಿತ್ತು. ಏನೋ ಪ್ರಾರ್ಥನೆ ಬರೆದುಕೊಂಡಿದ್ದಾನೆ, ತೋರಿಸುತ್ತಿದ್ದಾನೆ ಅಂದುಕೊಂಡು "ಚೆನ್ನಾಗಿದೆ" ಅಂತ ತಲೆಯಾಡಿಸಿ ಮೊಟ್ಟೆ ತಗೊಂಡು ಬಂದೆ. ಅವನು ಮತ್ತೆ ಕೇಳಲೇ ಇಲ್ಲ. ನಾವು ಮೇ ತಿಂಗಳಲ್ಲಿ ಅಲ್ಲಿಂದ ಹೊರಟೆವು.

ಹಳೇಪುಟ ಬರೆದದ್ದು:

ಮೇಡಂ, ಅದು ಪುಲಾರ್ ಭಾಷೆಯೇ ಇರಬೇಕು. ಲಾಬೆ ಇರುವುದು ಫೂಟಾ ಜಲೋನ್ ಬೆಟ್ಟಸೀಮೆಯಲ್ಲಿ. ಅಲ್ಲಿ ಪುಲಾರ್ ಅನ್ನು ಅರಬ್ಬಿ ಲಿಪಿಯಲ್ಲಿ ಬರೆಯುವ ರೂಢಿ ತುಂಬ ಹಳೆಯದು, ಅದಕ್ಕೆ ಅಜಮಿ ಅಂತಾರೆ. ಶಾಲೆಗೆ ಹೋಗದವರೂ ಕುರಾನ್ ಪಾಠದಲ್ಲಿ ಅಕ್ಷರ ಕಲಿತು ಪತ್ರ, ಲೆಕ್ಕ ಎಲ್ಲ ಅದರಲ್ಲೇ ಬರೆಯುತ್ತಾರೆ. ಅಲ್ಲಿ ನಿಮ್ಮ ಹೆಸರೇ ಇದ್ದಿರಬಹುದು.

ಕಡಲಂಚು ಬರೆದದ್ದು:

ನನ್ನ ಹೆಸರು ಅವರಿಗೆ ಗೊತ್ತಿರಲಿಲ್ಲ. ನಾನೂ ಅವರ ಹೆಸರು ಕೇಳಿರಲಿಲ್ಲ ಅಂತ ಈಗ ನೆನಪಾಗುತ್ತಿದೆ.

ನಮ್ಮವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಇನ್ನೂ ಲುವಾಂಡಾದಲ್ಲೇ ಇದ್ದಾರೆ. ಇವತ್ತೇ ಅವರಿಗೆ ಮೆಸೇಜ್ ಹಾಕಿದ್ದೇನೆ, ಆ ಮೂಲೆಯ ಕಾಂಟಿನಾ ಇದೆಯಾ ನೋಡಿ ಅಂತ. ಒಂದು ವಿಷಯ ಮಾತ್ರ ತಿಳಿಯುತ್ತಿಲ್ಲ. ಆಗ 1,200 ಕ್ವಾಂಜಾ ಅಂದರೆ ಅಧಿಕೃತ ದರದಲ್ಲಿ 7 ಡಾಲರಿಗಿಂತ ಜಾಸ್ತಿ ಇತ್ತು. ಈಗ ಡಾಲರಿಗೆ 900ರ ಆಸುಪಾಸು ಅಂತಿದ್ದಾರೆ ಅವರು. ಎಷ್ಟು ಕೊಟ್ಟರೆ ಸರಿ?

ಗೋದಾಮು ಲೆಕ್ಕ ಬರೆದದ್ದು:

ಏನು ತಗೊಂಡಿದ್ರಿ ಅಂತ ನೆನಪಿದ್ದರೆ ಇವತ್ತಿನ ಬೆಲೆಗೆ ಅದನ್ನೇ ಲೆಕ್ಕ ಹಾಕಿ ಕೊಡಿ ಅಕ್ಕ. ಅವರವರಲ್ಲೂ ಹಳೆ ಬಾಕಿ ಎಷ್ಟೋ ಸಲ ಹಾಗೇ ತೀರಿಸುತ್ತಿದ್ದರು, ಮೂಟೆಗೆ ಮೂಟೆ ಅಂತ. ಆ ಹುಡುಗ ಈಗ ಅಲ್ಲಿಲ್ಲದಿದ್ದರೂ ಕೂತಿರುವವನಿಗೆ ಕೊಟ್ಟು, "2016ರಲ್ಲಿ ಇಲ್ಲಿದ್ದವನದು" ಅಂತ ನಿಮ್ಮ ಸ್ನೇಹಿತರು ಹೇಳಿದರೆ ಸಾಕು. ತಲುಪುತ್ತದೆ.

ಕಡಲಂಚು ಬರೆದದ್ದು:

ಐದು ಕಿಲೋ ಅಕ್ಕಿ, ಒಂದು ಎಣ್ಣೆ ಬಾಟಲಿ, ಬಟ್ಟೆ ಸೋಪು. ಹೇಳಿ ಕಳಿಸುತ್ತೇನೆ. ಇಬ್ಬರ ಹೆಸರೂ ಕೇಳಿಕೊಂಡು ಬನ್ನಿ ಅಂತಲೂ ಹೇಳಿದ್ದೇನೆ.